ಎಲ್ಲ ಮಕ್ಕಳೂ ಹಸಿರಾಗಿದ್ದ ತಿಂಗಳು

ಅಂಗನವಾಡಿ ಮೇಲ್ವಿಚಾರಕಿಯಾಗಿ ನಾವು ಮೊದಲು ಕೆಲಸಕ್ಕೆ ಸೇರಿದ್ದು ಜೇವರ್ಗಿ ಸೀಮೆಯಲ್ಲಿ. ಆಗ ನಮಗೆ ಮೂವತ್ತೂ ತುಂಬಿರಲಿಲ್ಲ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಡೈರಿ, ಇಪ್ಪತ್ತಕ್ಕೂ ಹೆಚ್ಚು ಕೇಂದ್ರಗಳ ಹೊಣೆ. ಬಸ್ಸಿಲ್ಲದ ಊರಿಗೆ ಟಂಟಂ, ಟಂಟಂ ಇಲ್ಲದ ಊರಿಗೆ ನಡಿಗೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಮುಂದೆ ಓದಿದ ನಮಗೆ, ಎರಡೂ ಭಾಷೆಯಲ್ಲಿ ಬೈಯಲು ಬರುತ್ತದೆ ಎಂಬುದು ಆ ದಿನಗಳ ದೊಡ್ಡ ಹೆಮ್ಮೆಯಾಗಿತ್ತು.

ತೊಗರಿ ರಾಶಿಯ ದಿನಗಳಲ್ಲಿ ಒಂದು ಊರಿಗೆ ಹೋದೆವು. ದಾಖಲೆ ತೆಗೆದು ನೋಡಿದರೆ ಮೂರು ತಿಂಗಳಿಂದ ಮಕ್ಕಳ ತೂಕ ನೂರು ಗ್ರಾಂ ಕೂಡ ಆಚೀಚೆ ಆಗಿಲ್ಲ. ಹಳೆಯದನ್ನೇ ನಕಲು ಮಾಡಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ತಾಯಂದಿರು ಬಾಗಿಲಲ್ಲಿ ನಿಂತಿದ್ದರು, ಸಹಾಯಕಿ ಒಲೆಯ ಮುಂದೆ ಕುಳಿತಿದ್ದರು. ಅವರೆಲ್ಲರ ಎದುರೇ ಕಾರ್ಯಕರ್ತೆಯನ್ನು ತರಾಟೆಗೆ ತೆಗೆದುಕೊಂಡೆವು. ಅವರು ನಮಗಿಂತ ಹತ್ತು ವರ್ಷ ದೊಡ್ಡವರು. 'ತಪ್ಪಾಯ್ತರಿ ಮೇಡಂ' ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಭೇಟಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಗೀಚಿ, ಕೆಲಸ ಮಾಡಿದ ತೃಪ್ತಿಯಿಂದ ಮನೆಗೆ ಬಂದೆವು.

ಮರುತಿಂಗಳು ಹೋದಾಗ ಎಲ್ಲ ಸರಿಯಾಗಿತ್ತು. ಪ್ರತಿ ಮಗುವಿನ ತೂಕವೂ ಅಚ್ಚುಕಟ್ಟಾಗಿ ಏರಿತ್ತು. ಬೆಳವಣಿಗೆ ಪಟ್ಟಿಯಲ್ಲಿ ಹಸಿರು ಎಂದರೆ ಸಹಜ, ಹಳದಿ ಎಂದರೆ ಕಡಿಮೆ ತೂಕ, ಕಿತ್ತಳೆ ಎಂದರೆ ತೀರಾ ಕಡಿಮೆ ತೂಕ. ಆ ತಿಂಗಳು ಎಲ್ಲ ಮಕ್ಕಳೂ ಹಸಿರಿನಲ್ಲಿದ್ದರು. ನಮ್ಮ ಬೈಗುಳಕ್ಕೆ ಎಷ್ಟು ಶಕ್ತಿ ಇದೆ ನೋಡಿ ಎಂದುಕೊಂಡೆವು!

ಮತ್ತೊಂದು ತಿಂಗಳು ಕಳೆದ ಮೇಲೆ, ಅದೇ ಕೇಂದ್ರದಲ್ಲಿ ಅಜ್ಜಿಯೊಬ್ಬರ ಸೊಂಟದ ಮೇಲೆ ಒಂದು ಕೂಸನ್ನು ಕಂಡೆವು. ಎರಡು ವರ್ಷದ್ದು. ಕಾಲು ಕಡ್ಡಿಯಂತಿದ್ದವು, ನೊಣ ಓಡಿಸುವ ತ್ರಾಣವೂ ಕೈಗಿರಲಿಲ್ಲ. ದಾಖಲೆಯಲ್ಲಿ ಹೆಸರು ಹುಡುಕಿದೆವು. ಹಸಿರು!

ಈ ಸಲ ಬೈಯಲು ಬಾಯಿ ಬರಲಿಲ್ಲ. ಕಾಳಿನ ಚೀಲಗಳಿದ್ದ ಒಳಕೋಣೆಗೆ ಕಾರ್ಯಕರ್ತೆಯನ್ನು ಕರೆದು ಕೇಳಿದಾಗ ಅವರು ಅತ್ತುಬಿಟ್ಟರು. 'ತಕ್ಕಡಿ ಕೆಟ್ಟು ಆರು ತಿಂಗಳಾಗ್ಯಾವ್ರಿ. ಅವತ್ತೇ ಹೇಳ್ಬೇಕಂತ ಇದ್ದೆ. ನೀವು ಮಂದಿ ಮುಂದ ಬೈದ್ರಿ, ಆಮ್ಯಾಲ ಹೇಳ್ಲಾಕ ಅಂಜಿಕಿ ಬಂತ್ರಿ.'

ಕೂಸನ್ನು ತಾಯಿಯ ಜೊತೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದೆವು. ಅಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಇರಬೇಕು. ಕೂಲಿ ಬಿಟ್ಟು ಹೋಗಲು ತಾಯಿ ಒಪ್ಪಲಿಲ್ಲ. ಒಪ್ಪಿಸಿದವರು ನಾವಲ್ಲ, ಅದೇ ಕಾರ್ಯಕರ್ತೆ. ಮನೆಗೆ ಮೂರು ಸಲ ಹೋಗಿ ಬಂದರು. ಕೂಸು ಉಳಿಯಿತು. ಆದರೆ ಎರಡು ತಿಂಗಳು ಅದು ನಮ್ಮ ಸಹಿಯ ಕೆಳಗೆ ಹಸಿರಾಗಿಯೇ ಇತ್ತು. ಆ ಸುಳ್ಳನ್ನು ಬರೆದ ಕೈ ಅವರದು, ಬರೆಸಿದ ನಾಲಿಗೆ ನಮ್ಮದು.

ಓದುಗರೇ, ಕಾರ್ಯಕರ್ತೆಯ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಂದಿನಿಂದ ಮಕ್ಕಳ ಪಾಠ, ಊಟ, ತೂಕ, ಗರ್ಭಿಣಿಯರ ಲೆಕ್ಕ ಎಲ್ಲವೂ ಈ ಹೆಣ್ಣುಮಕ್ಕಳ ತಲೆಯ ಮೇಲಿದೆ. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಗರ್ಭಿಣಿ, ಬಾಣಂತಿಯರ ಬಿಸಿಯೂಟವೂ ಸೇರಿತು. ಆದರೆ ಅವರು ಪಡೆಯುವುದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಇಂಥವರಿಗೆ ದಿನನಿತ್ಯ ಸಿಗುವ ಇಲಾಖೆ ಎಂದರೆ ಮೇಲ್ವಿಚಾರಕಿಯೊಬ್ಬಳೇ. ಅವಳೇ ಹೆದರಿಸಿದರೆ ಅವರು ಯಾರ ಹತ್ತಿರ ಹೋಗಬೇಕು?

ಮುಂದೆ ಅಫಜಲಪುರದ ಕಡೆ ವರ್ಗವಾಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ನದಿದಂಡೆಯ ಒಂದು ಕೇಂದ್ರಕ್ಕೆ ನೀರು ನುಗ್ಗಿತು. ಕಾರ್ಯಕರ್ತೆ ತುಂಬು ಬಸುರಿಯರಿಬ್ಬರನ್ನು ಮೊದಲು ಎತ್ತರದ ಜಾಗಕ್ಕೆ ಸಾಗಿಸಿದರು. ಅಕ್ಕಿ, ಬೇಳೆ ನೀರುಪಾಲಾಯಿತು. ಆಮೇಲೆ ದಾಸ್ತಾನಿನ ಲೆಕ್ಕ ಕೇಳಿದರು. ಕೇಳಲೇಬೇಕು, ಅದು ಮಕ್ಕಳ ಅನ್ನ. ಈ ಸಲ ನಾವು ಕಾರ್ಯಕರ್ತೆಯ ಹೇಳಿಕೆ ಪಡೆದು ಸುಮ್ಮನೆ ಮೇಲಕ್ಕೆ ಕಳಿಸಲಿಲ್ಲ. ಕೆಸರಿನಲ್ಲಿ ಹೋಗಿ ಮೊಳೆತ ಕಾಳಿನ ಚೀಲಗಳನ್ನು ಎಣಿಸಿ, 'ನಾವೇ ಕಂಡಿದ್ದೇವೆ, ಇವರು ಮಾಡಿದ್ದು ಸರಿ' ಎಂದು ಬರೆದು ಸಹಿ ಹಾಕಿದೆವು. ಜೇವರ್ಗಿಯ ಸಾಲದಲ್ಲಿ ಅಷ್ಟು ತೀರಿತು.

ಹಾಗಂತ ಎಲ್ಲಕ್ಕೂ ಹೂಂ ಎನ್ನುವುದು ಬೆಂಬಲವಲ್ಲ. ಇದನ್ನು ಕಲಿತದ್ದು ಆಳಂದದಲ್ಲಿ. ಅಲ್ಲಿ ನಮ್ಮದೇ ಜಮಾತಿನ ಕಾರ್ಯಕರ್ತೆಯೊಬ್ಬರ ಕೇಂದ್ರ ವಾರಕ್ಕೊಂದು ದಿನ ಮುಚ್ಚಿರುತ್ತಿತ್ತು, ಹಾಜರಿ ಮಾತ್ರ ತುಂಬಿರುತ್ತಿತ್ತು. ಈದ್‌ಗೆ ಶೀರ್‌ಖುರ್ಮಾ ಹಿಡಿದು ಮನೆಗೆ ಬಂದ ಅವರು, 'ಆಪಾ, ನಾವು ನಾವೇ ಅಲ್ವಾ' ಎಂದರು. ಗಂಟಲಲ್ಲಿ ಖಜೂರ ಸಿಕ್ಕಿಕೊಂಡಂತಾಯಿತು. ಬೈಯಲಿಲ್ಲ, ಕಾರಣ ಕೇಳಿದೆವು. ಅತ್ತೆಯನ್ನು ಪ್ರತಿವಾರ ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆ ದಿನ ರಜೆ ಬರೆಯಿರಿ, ಪಕ್ಕದ ಕೇಂದ್ರದವರು ಬಂದು ನೋಡಿಕೊಳ್ಳುವಂತೆ ನಾವು ಮಾತಾಡುತ್ತೇವೆ, ಆದರೆ ಮುಚ್ಚಿದ ಬಾಗಿಲನ್ನು ತೆರೆದಿದೆ ಎಂದು ಬರೆಯಲು ಬಿಡುವುದಿಲ್ಲ ಎಂದೆವು. ಅವರು ಮುನಿಸಿಕೊಂಡು ಹೋದರು. ನಾಲ್ಕು ತಿಂಗಳು ಸಲಾಮಿಗೆ ಜವಾಬಿಲ್ಲ. ಆದರೆ ಮರುವಾರದಿಂದ ಬಾಗಿಲು ತೆರೆದಿರುತ್ತಿತ್ತು. ನಮ್ಮವರೆಂದು ಅವರೊಬ್ಬರಿಗೆ ಕಣ್ಣು ಮುಚ್ಚಿದ್ದರೆ, ಉಳಿದ ಕಾರ್ಯಕರ್ತೆಯರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹಕ್ಕು ನಮಗಿರುತ್ತಿರಲಿಲ್ಲ.

2021ರಿಂದ ಪೋಷಣ್ ಟ್ರ್ಯಾಕರ್ ಬಂದಿದೆ. ತೂಕ ಈಗ ಫೋನಿಗೆ ಹೋಗುತ್ತದೆ, ಬಣ್ಣವನ್ನು ಫೋನೇ ಹೇಳುತ್ತದೆ. ಒಳ್ಳೆಯದೇ. ಆದರೆ ಅಂಜಿಕೆಯಿಂದ ಒತ್ತಿದ ಸುಳ್ಳು ಅಂಕಿಗೂ ಅದು ಹಸಿರು ಬಣ್ಣವನ್ನೇ ಕೊಡುತ್ತದೆ. ಆದ್ದರಿಂದ ನಾವು ಎಲ್ಲೇ ಹೋದರೂ ದಾಖಲೆ ಕೇಳುವ ಮೊದಲು ಒಂದು ಮಾತು ಕೇಳುತ್ತೇವೆ: 'ಟೀಚರ್, ಏನು ಕೆಟ್ಟಿದೆ? ಏನು ಬೇಕು?' ತಿದ್ದುವುದಿದ್ದರೆ ಒಳಕೋಣೆಯಲ್ಲಿ, ಹೊಗಳುವುದಿದ್ದರೆ ತಾಯಂದಿರ ಎದುರಿನಲ್ಲಿ.

ಕಳೆದ ತಿಂಗಳು ಹೊಸ ಕಾರ್ಯಕರ್ತೆಯೊಬ್ಬರು ನಾವು ಚಾಪೆಯ ಮೇಲೆ ಕೂರುವ ಮೊದಲೇ ಹೇಳಿದರು: 'ಮೇಡಂ, ನಮ್ಮಲ್ಲಿ ನಾಕು ಕೂಸು ಹಳದ್ಯಾಗ ಅವ, ಒಂದು ಕಿತ್ತಳ್ಯಾಗ ಅದ. ಏನ್ ಮಾಡಮರಿ?'

ಚೀಲ ಕೆಳಗಿಟ್ಟು, ಆ ಒಂದು ಕೂಸಿನ ಮನೆ ಎಲ್ಲಿ ಎಂದು ಕೇಳಿ ಇಬ್ಬರೂ ಹೊರಟೆವು.