ಹಿಮನದಿಯ ನಾಡಿನಲ್ಲಿ ಅತಿಥಿಗಳಾಗಿ

ಸಮುದ್ರಯಾನವೆಂದೊಡನೆ ನಮ್ಮ ಹಿರಿಯರ ಮನಸ್ಸಿಗೆ ಬರುತ್ತಿದ್ದುದು ವ್ಯಾಪಾರ, ಉದ್ಯೋಗ, ಇಲ್ಲವೆ ವಿದ್ಯಾಭ್ಯಾಸ. ಅವರ ಪಾಲಿಗೆ ಹಡಗು ಒಂದು ದಡದಿಂದ ಮತ್ತೊಂದು ದಡಕ್ಕೆ ಮುಟ್ಟಿಸುವ ಸಾಧನ ಮಾತ್ರ. ಈಗ ಹಡಗೇ ಊರಾಗಿ, ಅಲ್ಲಿಯ ವಾಸವೇ ಪ್ರವಾಸವಾಗಿ, ಕೊನೆಗೆ ಹೊರಟ ಬಂದರಿಗೇ ಮರಳುವ ವಿಹಾರಯಾನ ಬಳಕೆಗೆ ಬಂದಿದೆ. ಇದನ್ನು ಕ್ರೂಸ್ ಎನ್ನುತ್ತಾರೆ. ಮಕ್ಕಳು ಅಮೆರಿಕೆಯಲ್ಲಿ ನೆಲೆಸಿರುವ ಮನೆತನಗಳಲ್ಲಿ, ಅವರನ್ನು ಕಾಣಹೋದ ತಂದೆ-ತಾಯಿಯರಿಗೆ ಇಂಥ ಯಾನದ ಅವಕಾಶ ಒದಗುವುದುಂಟು. ಸಿಯಾಟಲ್ ನಗರದಲ್ಲಿರುವ ಮಗಳು-ಅಳಿಯಂದಿರ ಒತ್ತಾಯದಿಂದ ನಾವೂ ನಮ್ಮ ಮನೆಯವರೂ ಜೂನ್ ತಿಂಗಳಲ್ಲಿ ಅಲಾಸ್ಕಾದ ಕರಾವಳಿಗೆ 7 ರಾತ್ರಿಗಳ ಯಾನ ಕೈಗೊಂಡೆವು. ಇಷ್ಟು ಹಣ ತೆತ್ತು ಸುಖಪಡುವುದು ಉಚಿತವೇ ಎಂಬ ಪ್ರಶ್ನೆಯೂ ನಮ್ಮೊಡನೆಯೇ ಹಡಗನ್ನೇರಿತು.

ಹಡಗಿನಲ್ಲಿ ಪ್ರಯಾಣಿಕರೇ ಸುಮಾರು 2,000 ಮಂದಿ. ಕಡಲ ನೀರನ್ನೇ ಸಿಹಿನೀರಾಗಿಸುವ ಯಂತ್ರ, ಆಸ್ಪತ್ರೆ, ಗ್ರಂಥಾಲಯ, ರಂಗಮಂದಿರ ಎಲ್ಲವೂ ಅಲ್ಲಿದ್ದವು. ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ ತೆರೆದ ಶಾಂತಸಾಗರದಲ್ಲಿ ಸಾಗುವಾಗ ಹಡಗು ತೊಟ್ಟಿಲಿನಂತೆ ತೂಗಿತು. ಮುಂದೆ ದ್ವೀಪಗಳ ನಡುವಣ ಜಲಮಾರ್ಗವನ್ನು ಹೊಕ್ಕಮೇಲೆ ನೀರು ಕೆರೆಯಂತೆ ನಿಶ್ಚಲವಾಯಿತು. ಎರಡೂ ಬದಿಗೆ ದಟ್ಟ ಕಾಡು, ಅದರ ಮೇಲೆ ಹಿಮದ ಶಿಖರಗಳು. ರಾತ್ರಿ 10 ಗಂಟೆಯ ಹೊತ್ತಿಗೂ ಬೆಳಕು ಆರಿರಲಿಲ್ಲ.

ಮೊದಲೇ ತಿಳಿಸಿದ್ದರಿಂದ ಶಾಕಾಹಾರಕ್ಕೆ ಕೊರತೆಯಾಗಲಿಲ್ಲ. ನಮ್ಮನ್ನು ಚಿಂತೆಗೀಡುಮಾಡಿದ್ದು ಕೊರತೆಯಲ್ಲ, ಸಮೃದ್ಧಿ. ಹೊತ್ತುಹೊತ್ತಿಗೆ ಹತ್ತಾರು ಬಗೆಯ ಭಕ್ಷ್ಯಗಳನ್ನು ಸಾಲಾಗಿ ಇರಿಸುತ್ತಾರೆ. ಬೇಕಾದಷ್ಟು ಬಡಿಸಿಕೊಂಡು ಅರ್ಧ ಬಿಟ್ಟೇಳುವವರನ್ನು ದಿನವೂ ಕಂಡೆವು. ನಾವು ಓದಿದ ಮಠದ ಪ್ರಸಾದನಿಲಯದಲ್ಲಿ ತಟ್ಟೆಯಲ್ಲಿ ಅಗುಳು ಉಳಿದರೆ ಹಿರಿಯರು ಬೈಯುತ್ತಿರಲಿಲ್ಲ. ಬಂದು ಎದುರಿಗೆ ಸುಮ್ಮನೆ ನಿಲ್ಲುತ್ತಿದ್ದರು, ಅಷ್ಟೇ. ಅಷ್ಟರಿಂದಲೇ ನಾವು ಕಲಿತೆವು.

ಒಂದು ಬೆಳಗ್ಗೆ ಊಟದ ಸಾಲೆಯಲ್ಲಿ ನಾವು ಮಾತನಾಡುತ್ತಿದ್ದುದನ್ನು ಕೇಳಿ ಯುವಕನೊಬ್ಬ ಹತ್ತಿರ ಬಂದು, "ನೀವು ಕನ್ನಡದವರಾ ಸರ್?" ಎಂದ. ಕುಮಟಾ ಕಡೆಯ ಹುಡುಗ. ಎಂಟು ತಿಂಗಳ ಕರಾರಿನಲ್ಲಿ ಆರು ಕಳೆದಿದ್ದವು. ಮಗಳು ಹುಟ್ಟಿದ್ದನ್ನು ದೂರವಾಣಿಯ ಪರದೆಯ ಮೇಲಷ್ಟೇ ನೋಡಿದ್ದ. ಅವನ ಜೊತೆಗಾರರಲ್ಲಿ ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದವರೇ ಹೆಚ್ಚು. ನಾವಿಕ ಕಾರ್ಮಿಕರಿಗೆ ಸಂಬಂಧಿಸಿದ 2006ರ ಅಂತರರಾಷ್ಟ್ರೀಯ ಒಪ್ಪಂದವು ದಿನಕ್ಕೆ ಕನಿಷ್ಠ 10 ಗಂಟೆಗಳ ವಿಶ್ರಾಂತಿಯನ್ನು ವಿಧಿಸುತ್ತದೆ. ಉಳಿದ ಹೊತ್ತು ಎಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಕಾಯಕವನ್ನು ಕುರಿತು ಉಪನ್ಯಾಸ ಮಾಡುವುದು ನಮಗೆ ಅಭ್ಯಾಸ. ನಮ್ಮ ಹಾಸಿಗೆಯನ್ನು ದಿನಕ್ಕೆರಡು ಬಾರಿ ಹಾಸಿಕೊಡುವವನ ಹೆಸರನ್ನು ಕೇಳಿ ತಿಳಿಯುವುದು ಆ ಉಪನ್ಯಾಸದ ಮೊದಲ ಪಾಠವಾಗಬೇಕು.

ಮೂರನೆಯ ದಿನ ಜೂನೋ ಸೇರಿದೆವು. ಇದು ಅಲಾಸ್ಕಾದ ರಾಜಧಾನಿಯಾದರೂ ಹೊರಗಿನ ಯಾವ ಊರಿನಿಂದಲೂ ಇಲ್ಲಿಗೆ ರಸ್ತೆಯಿಲ್ಲ. ಹಡಗು ಅಥವಾ ವಿಮಾನವೇ ಗತಿ. ಊರ ಜನ ಸುಮಾರು 32,000. ಪ್ರವಾಸಿಗರ ದಟ್ಟಣೆ ತಾಳಲಾರದೆ, ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗುಗಳು ಬರಬಾರದೆಂಬ ಒಡಂಬಡಿಕೆಯನ್ನು ನಗರಾಡಳಿತವು 2024ರಿಂದ ಜಾರಿಗೆ ತಂದಿದೆ. ಸಮೀಪದ ಮೆಂಡೆನ್‌ಹಾಲ್ ಹಿಮನದಿಯನ್ನು ನೋಡಲು ಹೋದೆವು. ಅದು ವರ್ಷವರ್ಷವೂ ಹಿಂದೆ ಸರಿಯುತ್ತಿದೆ. ಅದರ ಮೇಲ್ಭಾಗದ ಪಕ್ಕದ ಕಣಿವೆಯೊಂದರಲ್ಲಿ ನೀರು ತುಂಬಿ, ಹಿಮದ ಅಡಿಯಿಂದ ಒಮ್ಮೆಲೇ ನುಗ್ಗಿ, 2023 ಹಾಗೂ 2024ರ ಆಗಸ್ಟ್ ತಿಂಗಳುಗಳಲ್ಲಿ ಊರಿನ ಮನೆಗಳನ್ನು ಹಾಳುಗೆಡವಿತು. ನಾವು ನೋಡಿ ಬೆರಗಾಗುವ ವಸ್ತುವೇ ಅಲ್ಲಿಯ ಗೃಹಸ್ಥನ ನಿದ್ರೆ ಕೆಡಿಸಿದೆ.

ಮರುದಿನ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಈ ಕೊಲ್ಲಿಗೆ ದಿನಕ್ಕೆ ಎರಡೇ ವಿಹಾರ ಹಡಗುಗಳಿಗೆ ಪ್ರವೇಶ. ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಹಡಗನ್ನೇರಿ ವಿವರಣೆ ನೀಡುತ್ತಾರೆ. 1794ರಲ್ಲಿ ಜಾರ್ಜ್ ವ್ಯಾಂಕೂವರನ ತಂಡ ಇಲ್ಲಿಗೆ ಬಂದಾಗ ಕೊಲ್ಲಿಯೇ ಇರಲಿಲ್ಲವೆನ್ನಬಹುದು. ಎಲ್ಲವೂ ಹಿಮದ ಗೋಡೆ. 1879ರಲ್ಲಿ ಜಾನ್ ಮ್ಯೂರ್ ಎಂಬ ನಿಸರ್ಗಪ್ರೇಮಿ ಲಿಂಗಿಟ್ ಜನರ ದೋಣಿಯಲ್ಲಿ ಬರುವಷ್ಟರಲ್ಲಿ ಆ ಗೋಡೆ 60 ಕಿಲೋಮೀಟರಿಗಿಂತಲೂ ಹೆಚ್ಚು ಹಿಂದೆ ಸರಿದಿತ್ತು. ಇಂದು ಹಡಗು ಸುಮಾರು 100 ಕಿಲೋಮೀಟರ್ ಒಳಗೆ ಹೋಗಿ ಮಾರ್ಜರಿ ಹಿಮನದಿಯ ಮುಂದೆ ನಿಲ್ಲುತ್ತದೆ. ಅದು ಒಂದೂವರೆ ಕಿಲೋಮೀಟರಿನಷ್ಟು ಅಗಲ. ನೀರಿನ ಮೇಲೆ ಸುಮಾರು 75 ಮೀಟರ್ ಎತ್ತರ. ಒತ್ತೊತ್ತಾದ ಹಿಮವು ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಬಿಟ್ಟುಕೊಡುವುದರಿಂದ ಬಿರುಕುಗಳೆಲ್ಲ ನೀಲವರ್ಣ. ಮನೆಯಷ್ಟು ದೊಡ್ಡ ಬಂಡೆಯೊಂದು ಕಳಚಿ ನೀರಿಗೆ ಬಿತ್ತು; ಬಿದ್ದ ಮೇಲೆ ಗುಡುಗಿನ ಸದ್ದು ನಮ್ಮನ್ನು ತಲುಪಿತು. ಎರಡು ಸಾವಿರ ಜನರಿದ್ದ ಹಡಗಿನಲ್ಲಿ ಕ್ಷಣಕಾಲ ಒಂದು ಮಾತೂ ಕೇಳಿಸಲಿಲ್ಲ.

ಈ ಕೊಲ್ಲಿ ನಿರ್ಜನವಾದ ನೆಲವಲ್ಲ. ಹೂನಾ ಲಿಂಗಿಟ್ ಜನಾಂಗದ ತವರು ಇದು. ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮವು ಅವರ ಹಳ್ಳಿಗಳನ್ನು ನುಂಗಿತು. ಹಿಮ ಹಿಂದೆ ಸರಿದಾಗ ಮರಳಿ ಬಂದು ಬೇಟೆ, ಮೀನುಗಾರಿಕೆಗೆ ತೊಡಗಿದವರಿಗೆ 1925ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಮೇಲೆ ನಿರ್ಬಂಧಗಳು ಎದುರಾದವು. ತಮ್ಮ ತವರಿನಲ್ಲೇ ಅವರು ಅನುಮತಿ ಬೇಡುವವರಾದರು. ಕೊನೆಗೆ 2016ರಲ್ಲಿ ಉದ್ಯಾನದ ಆಡಳಿತವೂ ಆ ಜನಾಂಗದವರೂ ಕೂಡಿ, ಬಾರ್ಟ್ಲೆಟ್ ಕೋವ್ ಎಂಬಲ್ಲಿ ಅವರ ಪೂರ್ವಜರ ಹೆಸರಿನ ಕುಲಮಂದಿರವನ್ನು ಕಟ್ಟಿದರು.

ಐದನೆಯ ದಿನ ಅವರ ಊರಾದ ಹೂನಾದಲ್ಲೇ ಇಳಿದೆವು. ಊರ ಜನ ಸಾವಿರಕ್ಕೂ ಕಡಿಮೆ. 1912ರ ಮೀನು ಡಬ್ಬೀಕರಣದ ಹಳೆಯ ಕಾರ್ಖಾನೆಯನ್ನು ವಸ್ತುಸಂಗ್ರಹಾಲಯವಾಗಿಸಿ, ಬಂದರನ್ನು ಸ್ಥಳೀಯರದೇ ಆದ ಸಂಸ್ಥೆ ನಡೆಸುತ್ತಿದೆ. ಊರ ವೃದ್ಧೆಯೊಬ್ಬರು ತಮ್ಮ ಪೂರ್ವಜರು ಹಿಮದಿಂದ ಓಡಿಬಂದ ಕಥೆಯನ್ನು ನಿನ್ನೆ ಮೊನ್ನೆ ನಡೆದಂತೆ ಹೇಳಿದರು. ಮುಂದಿನ ಊರಾದ ಕೆಚಿಕಾನ್‌ನಲ್ಲಿ ದೇವದಾರು ಜಾತಿಯ ಮರದಲ್ಲಿ ಕೆತ್ತಿದ ಎತ್ತರದ ಟೋಟೆಮ್ ಕಂಬಗಳನ್ನು ಕಂಡೆವು. ಇವು ಪೂಜೆಯ ಮೂರ್ತಿಗಳಲ್ಲ. ಕುಲದ ಇತಿಹಾಸವನ್ನೂ ಸತ್ತವರ ನೆನಪನ್ನೂ ಹೊತ್ತವು. ನಮ್ಮ ವೀರಗಲ್ಲು, ಶಾಸನಗಳಿಗೆ ಹತ್ತಿರವಾದವು.

ಹೋಗಬಯಸುವವರಿಗೆ ಒಂದು ಸೂಚನೆ. ವಿದೇಶಿ ಧ್ವಜದ ಹಡಗು ಅಮೆರಿಕೆಯ ಬಂದರಿನಿಂದ ಹೊರಟು ಅಲ್ಲಿಗೇ ಮರಳುವಾಗ ನಡುವೆ ಪರದೇಶದ ಬಂದರೊಂದನ್ನು ಮುಟ್ಟಬೇಕೆಂಬುದು 1886ರ ಕಾಯಿದೆಯ ಫಲ. ಆದ್ದರಿಂದಲೇ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲುಗಡೆ. ಭಾರತದ ಪಾಸ್‌ಪೋರ್ಟ್ ಉಳ್ಳವರು ಕೆನಡಾದ ವೀಸಾವನ್ನು ಮುಂಚಿತವಾಗಿಯೇ ಪಡೆದಿರಬೇಕು. ಅಮೆರಿಕೆಯ ವೀಸಾ ಮರುಪ್ರವೇಶಕ್ಕೆ ಅವಕಾಶವುಳ್ಳದ್ದಾಗಿರಬೇಕು. ಬೆಚ್ಚನೆಯ ಉಡುಪು, ಮಳೆಯಂಗಿ, ನಿತ್ಯದ ಔಷಧಿಗಳು ಜೊತೆಗಿರಲಿ.

ಇಂಥ ವಿಹಾರ ಉಚಿತವೇ ಎಂಬ ಪ್ರಶ್ನೆಗೆ ನಮಗೆ ತೋರಿದ ಉತ್ತರ ಇಷ್ಟು. ಅತಿಥಿಸತ್ಕಾರವು ಮನೆಯವರ ಧರ್ಮವೆಂದು ನಾವು ಹೇಳುತ್ತ ಬಂದಿದ್ದೇವೆ. ಅತಿಥಿಗೂ ಒಂದು ಧರ್ಮವುಂಟೆಂಬುದನ್ನು ಅಷ್ಟಾಗಿ ಹೇಳಿಲ್ಲ. ಹಣ ತೆತ್ತವನು ಗಿರಾಕಿಯಾಗುತ್ತಾನೆ, ಅತಿಥಿಯಾಗುವುದಿಲ್ಲ. ಬಡಿಸುವವನ ದಣಿವನ್ನು ಅರಿತು, ತಟ್ಟೆಯಲ್ಲಿ ಬಿಡದೆ ಉಂಡು, ಇಳಿದ ನೆಲ ಯಾರದೆಂದು ಕೇಳಿ ತಿಳಿದವನು ಮಾತ್ರ ಅತಿಥಿ. ಶಕ್ತಿಯುಳ್ಳ ಮಕ್ಕಳು ತಂದೆ-ತಾಯಿಯರನ್ನು ಅವಶ್ಯವಾಗಿ ಕರೆದೊಯ್ಯಲಿ, ಮೊಮ್ಮಕ್ಕಳೂ ಜೊತೆಗಿರಲಿ. ಹಿಮನದಿಯನ್ನು ತೋರಿಸುವಾಗ ಅದು ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬುದನ್ನೂ, ಅದರ ನೆರೆಯಲ್ಲಿ ಬಾಳಿದವರು ಯಾರೆಂಬುದನ್ನೂ ಹಿರಿಯರು ಅವರಿಗೆ ಹೇಳಲಿ.