ಗಬ್ಬೂರ ಕ್ರಾಸಿನಾಗ ಕಾರಿನ ನಾಡಿ

ಬೆಂಗಳೂರು ಕಡೆಯಿಂದ ಹಾವೇರಿ, ಶಿಗ್ಗಾಂವಿ, ವರೂರು ದಾಟಿ ಬಂದ ಹೆದ್ದಾರಿಗೆ ಹುಬ್ಬಳ್ಳಿಯ ಹೊಸ್ತಿಲು ಅಂದ್ರ ಗಬ್ಬೂರ. ಊರೊಳಗೆ ಹೋಗುವವರು ಇಲ್ಲಿ ಅಗಲುತ್ತಾರೆ, ಧಾರವಾಡ–ಬೆಳಗಾವಿಗೆ ಹೋಗುವವರು ಬೈಪಾಸ್ ಹಿಡಿಯುತ್ತಾರೆ. ಇಲ್ಲಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಊರಾಗಿ ಉಳಿದದ್ದಕ್ಕಿಂತ ಕ್ರಾಸ್ ಆಗಿ, ಟೋಲ್ ಆಗಿಯೇ ಗಬ್ಬೂರ ಹೆಚ್ಚು ಮಂದಿಗೆ ಗೊತ್ತು. ಲಾರಿಗಳ ಸಾಲು, ಚಹಾದಂಗಡಿ, ಪಂಕ್ಚರ್ ಅಂಗಡಿ. ಇಲ್ಲಿ ಯಾರೂ ಬೇಕಂತ ಇಳಿಯುವುದಿಲ್ಲ. ನಾವು ಇಳಿದದ್ದು ಕಾರಿನ ಹೀಟ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದಕ್ಕೆ.

ಏಪ್ರಿಲ್ ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಅವ್ವ. ಕಾರು ಅಪ್ಪ ಓಡಿಸುತ್ತಿದ್ದ ಹಳೇ ಪೆಟ್ರೋಲ್ ಗಾಡಿ. ತಿಂಗಳ ಹಿಂದೆ ನಮ್ಮೂರಿನ ಒಂದು ಗ್ಯಾರೇಜಿನಲ್ಲಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಅದರ ಬದಲು ಗುಜರಿಗೆ ಕೊಟ್ಟುಬಿಡಿ" ಎಂದಿದ್ದರು. ಅಂದಿನಿಂದ ಅವ್ವ ಆ ಮಾತೇ ಎತ್ತಿರಲಿಲ್ಲ. ಎತ್ತದಿದ್ದರೂ ಅವಳ ಮನಸ್ಸು ನನಗೆ ಗೊತ್ತಿತ್ತು.

ಪಂಕ್ಚರ್ ಅಂಗಡಿಯವರು ಪಕ್ಕದ ಮಿಸ್ತ್ರಿಯನ್ನು ಕರೆದರು. ಅವರು ಬಾನೆಟ್ ಎತ್ತಿ, ಮೊದಲು ಒಂದೇ ಮಾತು ಕೇಳಿದರು:

"ಅಕ್ಕಾರ, ಓಡುವಾಗ ಹೀಟ್ ಆಗ್ತೈತೋ, ನಿಂತಾಗ ಆಗ್ತೈತೋ?"

ಹಾವೇರಿಯಿಂದ ಎಪ್ಪತ್ತರ ವೇಗದಲ್ಲಿ ಬಂದಾಗ ಮುಳ್ಳು ನಡುವೆಯೇ ಇತ್ತು. ಟೋಲಿನ ಸಾಲಿನಲ್ಲಿ ನಿಂತ ಮೇಲೆ ಏರಿತು ಎಂದೆ.

"ಹಂಗಾದ್ರ ಅರ್ಧ ಉತ್ತರ ಸಿಕ್ತು. ಓಡುವಾಗ ಗಾಳಿ ರೇಡಿಯೇಟರ್ ತಂಪು ಮಾಡ್ತೈತಿ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಮುಚ್ಚಳ ಮಾತ್ರ ಈಗ ಮುಟ್ಟಬ್ಯಾಡ್ರಿ, ಮುಖಕ್ಕ ಹಾರ್ತೈತಿ."

ಮುಕ್ಕಾಲು ತಾಸು ಕಾದೆವು. ಅವ್ವ ಬುತ್ತಿ ಬಿಚ್ಚಿ ಅವರಿಗೂ ರೊಟ್ಟಿ ಕೊಟ್ಟಳು. ಎಂಜಿನ್ ಆರಿದ ಮೇಲೆ ಬಟ್ಟೆ ಹಿಡಿದು ಮುಚ್ಚಳ ತೆಗೆದರು. ನೀರು ಸ್ವಲ್ಪವೇ ಕಡಿಮೆ. ಪೈಪಿನಲ್ಲಿ, ವಾಟರ್ ಪಂಪಿನ ಬುಡದಲ್ಲಿ ಸೋರಿಕೆ ಇಲ್ಲ. ನೀರು ತುಂಬಿಸಿ ಎಂಜಿನ್ ಚಾಲೂ ಮಾಡಿಸಿದರು. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ, ಹಿಂದೆ ಬಿಳಿ ಹೊಗೆ ಬರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದಂಥ ಕೆನೆಯೂ ಇರಲಿಲ್ಲ. "ಗ್ಯಾಸ್ಕೆಟ್ ಹೋಗಿದ್ರ ಇದ್ರಾಗ ಒಂದಾದ್ರೂ ಕಾಣಬೇಕಿತ್ತು" ಎಂದರು. ಎಂಜಿನ್ ಬಿಸಿಯಾದಂತೆ ಮೇಲಿನ ಪೈಪು, ಆಮೇಲೆ ಕೆಳಗಿನ ಪೈಪು ಎರಡೂ ಕಾದವು. ಅಂದರೆ ಥರ್ಮೋಸ್ಟಾಟ್ ತೆರೆದು ನೀರು ತಿರುಗುತ್ತಿದೆ. ಮೇಲಿನದು ಸುಟ್ಟು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ ಎಂದು ಅರ್ಥವಂತೆ.

ಮುಳ್ಳು ಮತ್ತೆ ಏರತೊಡಗಿತು, ಫ್ಯಾನ್ ಮಾತ್ರ ಅಲುಗಲಿಲ್ಲ. ಫ್ಯೂಸ್ ನೋಡಿದರು, ಸರಿಯಿತ್ತು. ರೇಡಿಯೇಟರಿನ ಬಳಿಯ ಸ್ವಿಚ್ಚಿನ ಎರಡು ವೈರ್ ಕಳಚಿ ಒಂದಕ್ಕೊಂದು ತಾಗಿಸಿದ್ದೇ ತಡ, ಫ್ಯಾನ್ ಗರ್ರನೆ ತಿರುಗಿತು!

"ನೋಡ್ರೀ ಅಕ್ಕಾರ, ಮೋಟಾರ್ ಗಟ್ಟಿ ಐತಿ. ನೀರು ಕಾದದ್ದನ್ನ ಹೇಳೋ ಸ್ವಿಚ್ ಸತ್ತೈತಿ. ಸಣ್ಣ ಸಾಮಾನು. ಧಾರವಾಡದ ತನಕ ಹಿಂಗ ಜೋಡಿಸಿ ಕೊಡ್ತೀನಿ, ಕೀಲಿ ಹಾಕಿದಾಗೆಲ್ಲಾ ಫ್ಯಾನ್ ಓಡ್ತೈತಿ. ಅಲ್ಲಿ ಹೊಸಾದು ಹಾಕಸ್ರಿ."

ಅವ್ವ ಏನೂ ಅನ್ನಲಿಲ್ಲ. ಕಾರಿನ ಬಾಗಿಲ ಮೇಲೆ ಎರಡು ಸಲ ಕೈಯಾಡಿಸಿ ಒಳಗೆ ಕೂತಳು.

ಹೊರಡುವಾಗ ಮಿಸ್ತ್ರಿ ಹೇಳಿದ ಇನ್ನೊಂದು ಮಾತು, ಬೇಸಿಗೆಯಲ್ಲಿ ಹಳೇ ಗಾಡಿ ತಗೊಂಡು ಹೊರಡುವ ಎಲ್ಲರಿಗೂ: ರೇಡಿಯೇಟರಿಗೆ ದಿನಾ ಬೋರ್ ನೀರು ಸುರಿಯಬೇಡಿ. ನಮ್ಮ ಕಡೆಯ ಗಡಸು ನೀರು ಚಹಾ ಪಾತ್ರೆಗೆ ಬಿಳಿ ಪದರು ಕಟ್ಟಿದಂತೆ ಅದರ ಸಣ್ಣ ನಳಿಗೆಗಳಿಗೂ ಕಟ್ಟುತ್ತದೆ. ದಾರಿಯಲ್ಲಿ ಅನಿವಾರ್ಯವಾದರೆ ಸರಿ. ಊರು ಮುಟ್ಟಿದ ಮೇಲೆ ತೆಗೆಸಿ ಕೂಲಂಟ್ ಹಾಕಿಸಿ. ಮುಳ್ಳು ಕೆಂಪಿಗೆ ಬಂದರೆ "ಇನ್ನೊಂದು ನಾಲ್ಕು ಕಿಲೋಮೀಟರ್" ಅನ್ನಬೇಡಿ, ಬದಿಗೆ ನಿಲ್ಲಿಸಿ. ಗ್ಯಾಸ್ಕೆಟ್ ನಿಜವಾಗಿ ಸುಡುವುದು ಆ ನಾಲ್ಕು ಕಿಲೋಮೀಟರಿನಲ್ಲೇ.