ವಾಷರಿನ ದಾರಿ

ಮಗಳು ಕೊಂಡಿರುವ ವ್ಯಾನು ವಯಸ್ಸಿನಲ್ಲಿ ನನಗಿಂತ ಚಿಕ್ಕದು, ಆದರೆ ಮರ್ಯಾದೆ ಅದಕ್ಕೇ ಹೆಚ್ಚು. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲರೂಪ ಕೆಡದ ಗಾಡಿಗೆ ನಂಬರ್ ಪ್ಲೇಟಿನ ಕೊನೆಗೆ ‘ಎಚ್’ ಅಂತ ಒಂದಕ್ಷರ ಸೇರಿಸಿ ಕೊಡುತ್ತಾರೆ. ಅದು ಬಿತ್ತೆಂದರೆ ಎಂಜಿನ್ ಎಷ್ಟೇ ದೊಡ್ಡದಿರಲಿ ತೆರಿಗೆ ಒಂದೇ. ಹೊಗೆಯ ನಿರ್ಬಂಧವಿರುವ ಪೇಟೆಗಳೊಳಗೂ ರಾಜಾರೋಷವಾಗಿ ನುಗ್ಗಬಹುದು. ನಿವೃತ್ತರಿಗೆ ಅಂಥದ್ದೊಂದು ಅಕ್ಷರವನ್ನು ಯಾವ ಸರ್ಕಾರವೂ ಕೊಟ್ಟ ಹಾಗಿಲ್ಲ.

1973ರ ಫೋಕ್ಸ್‌ವ್ಯಾಗನ್ ಅದು. ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲವೇ ಇಲ್ಲ, ಎಂಜಿನ್ ತಣಿಯುವುದು ಬರೀ ಗಾಳಿಯಿಂದ. ಬೆನ್ ಪೋನ್ ಎಂಬ ಡಚ್ ವ್ಯಾಪಾರಿ 1947ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರವೇ ಈ ಗಾಡಿಯ ವಂಶದ ಮೂಲ: ಮುಂದೆ ಡ್ರೈವರು, ಹಿಂದೆ ಎಂಜಿನ್ನು, ನಡುವೆ ಸರಕಿಗೆ ಜಾಗ. 1950ರಲ್ಲಿ ಗಾಡಿ ತಯಾರಾಗತೊಡಗಿತು. ಮರುವರ್ಷವೇ ವೀಡೆನ್‌ಬ್ರುಕ್ ಊರಿನ ವೆಸ್ಟ್‌ಫಾಲಿಯಾ ಕಂಪನಿಯವರು ಆ ಖಾಲಿ ಜಾಗದೊಳಗೆ ಮಂಚ, ಬೀರು, ಒಲೆ ಕೂರಿಸುವ ಕೆಲಸಕ್ಕೆ ಇಳಿದರು. 1844ರಲ್ಲಿ ಶುರುವಾಗಿ ಕುದುರೆಗಾಡಿ ಮಾಡಿಕೊಂಡು ಬಂದ ಮನೆತನ. ಗಾಡಿಯೊಳಗೆ ಮನುಷ್ಯನನ್ನು ಹೇಗೆ ಮಡಿಸಿಡಬೇಕೆಂದು ಅವರಿಗೆ ಗೊತ್ತಿತ್ತು. ಮಗಳು ಅಳಿಯ ಇರುವ ಬೀಲೆಫೆಲ್ಡಿನಿಂದ ಆ ಊರು ಹೆಚ್ಚು ದೂರವೇನಲ್ಲ. ಮುದಿ ಗಾಡಿ ಹುಟ್ಟೂರಿನ ಸುತ್ತಮುತ್ತಲೇ ಸುಳಿದಾಡುತ್ತಿದೆ ಎಂದು ನಾನು ಹೇಳಿದ್ದಕ್ಕೆ ಮಗಳು, ಅದು ಹೆಚ್ಚು ಕಾಲ ಕಳೆದದ್ದು ಯಾರದೋ ಕೊಟ್ಟಿಗೆಯಲ್ಲಿ ಎಂದಳು.

ಇರಲಿ, ನನ್ನ ವಿಷಯ ಎಂಜಿನ್ ಅಲ್ಲ, ಸಿಂಕು.

ಬಾಗಿಲ ಪಕ್ಕದ ಬೀರುವಿನ ಮುಚ್ಚಳ ಎತ್ತಿದರೆ ಒಂದು ಪುಟ್ಟ ಸ್ಟೀಲ್ ತೊಟ್ಟಿ. ಎರಡು ತಟ್ಟೆ, ಎರಡು ಲೋಟ ತೊಳೆಯುವಷ್ಟು ಅಗಲ. ಮೂಲೆಯಲ್ಲಿ ಕೈಪಂಪು: ಒಂದು ಬಾಗಿದ ಮೂತಿ, ನೆತ್ತಿಯ ಮೇಲೊಂದು ಗುಂಡಿ. ಕೆಳಗೆ ಬೀರುವಿನೊಳಗೆ ಎರಡು ಮೂರು ಕೊಡ ನೀರು ಹಿಡಿಯುವ ಪ್ಲಾಸ್ಟಿಕ್ ಟ್ಯಾಂಕು. ಗುಂಡಿ ಎತ್ತಿದರೆ ಪಿಸ್ಟನ್ನಿನ ಮೇಲಿದ್ದ ನೀರು ಮೂತಿಯಿಂದ ಹೊರಗೆ, ಟ್ಯಾಂಕಿನ ನೀರು ಸಿಲಿಂಡರಿನ ಒಳಗೆ. ಒತ್ತಿದರೆ ಪಿಸ್ಟನ್ನಿನ ಕವಾಟ ತೆರೆದು ಕೆಳಗಿನ ನೀರು ಮೇಲಾಗುತ್ತದೆ. ಬುಡದಲ್ಲೊಂದು ಫೂಟ್ ವಾಲ್ವ್, ಒಳಬಂದದ್ದು ವಾಪಸು ಇಳಿಯದಂತೆ. ನಮ್ಮ ಹಳ್ಳಿಗಳ ಬೋರ್‌ವೆಲ್ ಕೈಪಂಪಿನ ಒಳಗೂ ಇಷ್ಟೇ ಇರುವುದು.

ಪಂಪು ಸೋರುತ್ತಿತ್ತು. ಗುಂಡಿ ಎತ್ತಿದಾಗೆಲ್ಲ ಕಂಬಿಯ ಕುತ್ತಿಗೆಯಲ್ಲಿ ನೀರು ಜಿನುಗುವುದು. ಕೆಳಗೆ ಬೀರುವಿನ ತಳದ ಪ್ಲೈವುಡ್ಡು ಒದ್ದೆಯಾಗಿ ಅಂಚಿನಲ್ಲಿ ಉಬ್ಬಿತ್ತು. ಅದು ಸಾಲದೆಂಬಂತೆ ಬೆಳಿಗ್ಗೆ ಮೊದಲ ಲೋಟ ನೀರಿಗೆ ಗುಂಡಿಯನ್ನು ಕೈಸೋಲುವಷ್ಟು ಎತ್ತಿ ಒತ್ತಬೇಕು. ಪಂಪು ಮೊದಲು ಕೆಮ್ಮುತ್ತದೆ, ಆಮೇಲೆ ಉಗುಳುತ್ತದೆ, ಕೊನೆಗೆ ಒಂದಿಷ್ಟು ನೀರು ಕೊಡುತ್ತದೆ.

ಅಳಿಯನ ಸಲಹೆ ತಯಾರಿತ್ತು: ಇದನ್ನು ಕಿತ್ತೆಸೆದು 12 ವೋಲ್ಟಿನ ಎಲೆಕ್ಟ್ರಿಕ್ ಪಂಪು ಹಾಕುವುದು. ಬಟನ್ ಒತ್ತಿದರೆ ನೀರು. ಬುದ್ಧಿವಂತ ಹುಡುಗ, ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಟ್ಯಾಂಕಿನಲ್ಲಿರುವುದೇ ಎರಡು ಮೂರು ಕೊಡ. ಬಟನ್ನಿನ ನೀರು ಹಲ್ಲುಜ್ಜುವಾಗಲೂ ಹರಿಯುತ್ತದೆ, ಫೋನಿನಲ್ಲಿ ಮಾತಾಡುವಾಗಲೂ ಹರಿಯುತ್ತದೆ. ಕೈಪಂಪಿನ ನೀರು ಕೈ ನಿಂತರೆ ನಿಂತಿತು. ಬಾವಿಯಿಂದ ಸೇದಿ ಮಿಂದವರಿಗೆ ಒಂದು ಚೊಂಬಿನ ಬೆಲೆ ಗೊತ್ತಿರುತ್ತದಲ್ಲ, ಆ ಲೆಕ್ಕ ತೋಳಿನಲ್ಲಿಯೇ ಇರುತ್ತದೆ, ಮೀಟರಿನಲ್ಲಲ್ಲ. ಇದನ್ನೆಲ್ಲ ಅವನಿಗೆ ಹೇಳದೆ, ಬಿಚ್ಚಿ ನೋಡೋಣ, ಆಗದಿದ್ದರೆ ನಿನ್ನ ಪಂಪೇ ಆಗಲಿ ಎಂದೆ. ಮಾವಂದಿರಿಗೆ ವಿದೇಶದಲ್ಲಿ ಸಿಗುವ ಕೆಲಸ ತರಕಾರಿ ಹೆಚ್ಚುವುದು, ಸ್ಟ್ರಾಲರ್ ತಳ್ಳುವುದು. ಇದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಬಿಚ್ಚುವುದು ಅಂದರೆ ಪಂಪು ಬಿಚ್ಚುವುದಲ್ಲ. ಪಂಪಿನ ಕಾಲರನ್ನು ಹಿಡಿದಿರುವ ನಟ್ಟು ಸಿಂಕಿನ ಅಡಿಯಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಟ್ಯಾಂಕು ಸರಿಯಬೇಕು. ಟ್ಯಾಂಕು ಸರಿಯಬೇಕಾದರೆ ಅದರ ಮುಂದಿನ ಹಲಗೆ ಬರಬೇಕು. ಹಲಗೆಯ ಸ್ಕ್ರೂಗಳ ಪೈಕಿ ಕೊನೆಯದು ಬಾಗಿಲ ಚೌಕಟ್ಟಿನ ಸಂದಿಯಲ್ಲಿ. ಯಾವ ಸ್ಕ್ರೂ ಡ್ರೈವರೂ ಅದಕ್ಕೆ ನೇರ ನಿಲ್ಲದು. ಮಧ್ಯಾಹ್ನದವರೆಗೂ ನಡೆದದ್ದು ಇದೇ. ಪಂಪನ್ನು ನಾವಿನ್ನೂ ಮುಟ್ಟಿಯೇ ಇರಲಿಲ್ಲ.

ರಿಪೇರಿಯಲ್ಲಿ ದುಬಾರಿಯಾಗುವುದು ಸಾಮಾನ್ಯವಾಗಿ ಈ ದಾರಿಯೇ. ನಮ್ಮ ಊರುಗಳ ಬೋರ್‌ವೆಲ್ ಪಂಪಿನ ಕತೆ ಇದಕ್ಕಿಂತ ದೊಡ್ಡದು. ಇಂಡಿಯಾ ಮಾರ್ಕ್ 2 ಅನ್ನುವ ಆ ಪಂಪನ್ನು 1970ರ ದಶಕದಲ್ಲಿ ಯುನಿಸೆಫ್ ಜತೆಗೂಡಿ ನಮ್ಮ ಎಂಜಿನಿಯರುಗಳು ರೂಪಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ಇನ್ನೊಂದು ಪಂಪು ಅದಕ್ಕೆ ಮೇಲ್ಪಂಕ್ತಿ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಅನ್ನುತ್ತೇವೆ. ನಿಜದಲ್ಲಿ ಅದು ಗಾಳಿಯನ್ನು ತೆಗೆದು ಜಾಗ ಮಾಡಿಕೊಡುತ್ತದೆ ಅಷ್ಟೆ. ಹೊರಗಿನ ವಾತಾವರಣ ನೀರನ್ನು ಕೆಳಗಿನಿಂದ ಒತ್ತಿ ಏರಿಸುತ್ತದೆ. ವಾತಾವರಣದ ತಾಕತ್ತು ಹೆಚ್ಚೆಂದರೆ 10 ಮೀಟರ್ ಚಿಲ್ಲರೆ. ಅದಕ್ಕಿಂತ ಆಳದ ನೀರನ್ನು ಮೇಲೆ ಕೂತು ಹೀರಲು ಯಾವ ಪಂಪಿನಿಂದಲೂ ಆಗದು. ಬಾವಿತೋಡುವವರಿಗೆ ಗೊತ್ತಿದ್ದ ಈ ಮಿತಿಗೆ ಕಾರಣ ಹುಡುಕುತ್ತ ಹೋಗಿಯೇ ಟೊರಿಚೆಲ್ಲಿ 1640ರ ದಶಕದಲ್ಲಿ ಪಾದರಸದ ಕೊಳವೆ ನಿಲ್ಲಿಸಿದ್ದು. ಹಾಗಾಗಿ ನಮ್ಮ ಬೋರಿನ ಪಂಪಿನಲ್ಲಿ ಸಿಲಿಂಡರು ಮೇಲಿರುವುದಿಲ್ಲ, ಕೆಳಗೆ ನೀರಿನೊಳಗೇ ಮುಳುಗಿರುತ್ತದೆ. ಒಂದು ವಾಷರು ಸವೆದರೆ ಉದ್ದಕ್ಕೂ ಕಬ್ಬಿಣದ ಪೈಪು ಎತ್ತಬೇಕು; ಅದಕ್ಕೆ ವಾಹನ, ಮುಕ್ಕಾಲಿ, ಆಳುಗಳು. ವಾಷರಿನ ಬೆಲೆ ಪುಡಿಗಾಸು. ಆ ಪುಡಿಗಾಸಿಗೆ ಊರಿಗೆ ಊರೇ ವಾರಗಟ್ಟಲೆ ಪಕ್ಕದೂರಿನ ನೀರು ಹೊತ್ತದ್ದುಂಟು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿದರು, ಪಿಸ್ಟನ್ನೂ ಫೂಟ್ ವಾಲ್ವೂ ಪೈಪಿನೊಳಗಿಂದಲೇ ಮೇಲೆ ಬರುವ ಹಾಗೆ. ಹೊಸ ವಾಷರೇನೂ ಅಲ್ಲ, ಅದನ್ನು ತಲುಪುವ ಹಾದಿ ಮಾತ್ರ ಸಲೀಸು. ನನ್ನ ಪ್ರಕಾರ ದೊಡ್ಡ ಎಂಜಿನಿಯರಿಂಗ್ ಅಂದರೆ ಇದು. ಇದನ್ನು ಮಾಡಿದವರಿಗೆ ಮಾತ್ರ ಸನ್ಮಾನ ಕಡಿಮೆ.

ವೀಡೆನ್‌ಬ್ರುಕ್‌ನ ಬಡಗಿಗಳು ಮಾರ್ಕ್ 3 ಓದಿದವರಲ್ಲ. ಹಲಗೆ ಬಂತು, ಟ್ಯಾಂಕು ಹೊರಬಿತ್ತು, ನಾನು ಬೆನ್ನ ಮೇಲೆ ಮಲಗಿ ತಲೆಯನ್ನು ಬೀರುವಿನೊಳಗೆ ತೂರಿಸಿದೆ.

ಅಡಿಯಿಂದ ನೋಡಿದರೆ ಹನಿ ಬೀಳುತ್ತಿದ್ದುದು ಹೋಸ್ ಕ್ಲಿಪ್ಪಿನಿಂದ. ಅಳಿಯ ಕ್ಲಿಪ್ಪು ಬಿಗಿ ಮಾಡಲು ಹೊರಟ. ಸ್ವಲ್ಪ ತಡಿ ಎಂದು ಎಲ್ಲವನ್ನೂ ಬಟ್ಟೆಯಿಂದ ಒಣಗಿಸಿ, ನನ್ನ ಸಂಚಿಯಿಂದ ವಿಭೂತಿ ಉಂಡೆ ತೆಗೆದು, ಪುಡಿ ಮಾಡಿ, ಕಾಲರಿನಿಂದ ಕ್ಲಿಪ್ಪಿನ ತನಕ ತೆಳ್ಳಗೆ ಬಳಿದೆ. ವಿಭೂತಿಗೆ ಹನಿ ಸೋಕಿದರೆ ಬಿಳುಪು ಹೋಗಿ ಕಪ್ಪುಗೆರೆ ಬೀಳುತ್ತದೆ. ಮಗಳು ಮೇಲಿನಿಂದ ಗುಂಡಿ ಆಡಿಸಿದಳು. ಮೊದಲ ಗೆರೆ ಎದ್ದದ್ದು ತುತ್ತತುದಿಯಲ್ಲಿ, ಕಂಬಿ ಹೊರಬರುವ ಕುತ್ತಿಗೆಯ ಪಕ್ಕ. ಅಲ್ಲಿಂದ ಸಿಂಕಿನ ತಳಕ್ಕೆ ಅಂಟಿಕೊಂಡು ಹರಿದು, ಸಿಲಿಂಡರಿನ ಮೈಮೇಲೆ ಇಳಿದು, ಹೋಸಿನ ಬೆನ್ನೇರಿ, ಕ್ಲಿಪ್ಪಿನ ಸ್ಕ್ರೂ ತಲೆಯಲ್ಲಿ ದಪ್ಪಗಾಗಿ ತೊಟ್ಟಿಕ್ಕಿತು. ಕ್ಲಿಪ್ಪು ನಿರಪರಾಧಿ.

ಪೂರ್ತಿ ನಿರಪರಾಧಿ ಎನ್ನುವ ಹಾಗೂ ಇರಲಿಲ್ಲ. ಹೀರುವ ಕಡೆಯ ಕೊಳವೆ ಸಡಿಲವಾದರೆ ಅದು ಹೊರಕ್ಕೆ ಸೋರುವುದಿಲ್ಲ, ಒಳಕ್ಕೆ ಸೋರುತ್ತದೆ. ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ನೀರು ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಒಂದು ಹನಿಯೂ ಕಾಣುವುದಿಲ್ಲ, ಮೇಲೆ ಪಂಪು ಕೆಮ್ಮುತ್ತದೆ. ರಾತ್ರಿ ಕೊಳವೆಯಲ್ಲಿದ್ದ ನೀರು ಸದ್ದಿಲ್ಲದೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಕಾಣುವ ಸೋರಿಕೆಗೆ ಎಲ್ಲರೂ ಬಟ್ಟೆ ಹಿಡಿದು ಓಡುತ್ತಾರೆ. ಕಾಣದ್ದಕ್ಕೆ ‘ಪಂಪು ಹೋಯ್ತು’ ಎಂದು ಹೊಸದು ತರುತ್ತಾರೆ. ಕ್ಲಿಪ್ಪಿನ ಮೇಲೆ ಸೋಪಿನ ನೊರೆ ಸುರಿದೆ. ಗುಂಡಿ ಎತ್ತಿದೊಡನೆ ನೊರೆ ಸಂದಿಯೊಳಕ್ಕೆ ಸೆಳೆದುಹೋಯಿತು. ಹಳೆಯ ಹೋಸು ಗಡಸಾಗಿ ಹಿಡಿತ ಬಿಟ್ಟಿತ್ತು, ಕ್ಲಿಪ್ಪು ಎಷ್ಟು ಬಿಗಿದರೂ ಕಟ್ಟಿಗೆಯನ್ನು ಬಿಗಿದಂತೆ.

ತೋಟದ ಪಂಪ್‌ಸೆಟ್ ನೋಡಿದವರಿಗೆ ಈ ಕಾಯಿಲೆ ಹೊಸದಲ್ಲ. ಫೂಟ್ ವಾಲ್ವ್ ಸರಿಯಾಗಿ ಕೂರದಿದ್ದರೆ ಪೈಪಿಗೆ ಎಷ್ಟು ನೀರು ಹುಯ್ದರೂ ನಿಲ್ಲದು. ಆಗ ಸಗಣಿ ನೀರು ಕದಡಿ ಹುಯ್ಯುವ ಪದ್ಧತಿ. ಸಗಣಿಯ ನಾರು ಸಂದಿಗೆ ಸಿಕ್ಕಿ ವಾಲ್ವು ಕಚ್ಚಿಕೊಳ್ಳುತ್ತದೆ, ಮೋಟಾರು ನೀರು ಹಿಡಿಯುತ್ತದೆ. ಮಗಳಿಗೆ ಇದು ಚಿಕ್ಕಂದಿನಿಂದ ಗೊತ್ತು. ಬೀರುವಿನ ಆಚೆಯಿಂದ ಅವಳ ಧ್ವನಿ ಬಂತು: “ಅಪ್ಪ, ಇದು ಕುಡಿಯುವ ನೀರು.”

ಕಾಲರು ಬಿಚ್ಚಿ ಕಂಬಿ ಎಳೆದಾಗ ಓ-ರಿಂಗು ಎಂಬ ರಬ್ಬರ್ ಉಂಗುರ ಕೈಗೆ ಬಂತು. ಹಳೆಯ ಕೋಡುಬಳೆ: ಬಗ್ಗಿಸಿದೊಡನೆ ಎರಡು ಕಡೆ ಬಿರುಕು ಬಿಟ್ಟಿತು. ಆದರೂ ಇದರ ಮೇಲೆ ನನಗೆ ಗೌರವ. ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ನೀಲ್ಸ್ ಕ್ರಿಸ್ಟೆನ್ಸನ್ ಡೆನ್ಮಾರ್ಕಿನಿಂದ ವಲಸೆ ಹೋದವನು. 1937ರಲ್ಲಿ ಅರ್ಜಿ ಹಾಕಿದಾಗ ಅವನಿಗೆ 70 ದಾಟಿತ್ತು. ಒಂದು ತೋಡು ಕೊರೆದು ಅದರಲ್ಲಿ ಉಂಗುರವನ್ನು ಕೂರಿಸುತ್ತಾರೆ. ತೋಡಿನ ಆಳ ಉಂಗುರದ ದಪ್ಪಕ್ಕಿಂತ ತುಸು ಕಡಿಮೆ, ಹಾಗಾಗಿ ಉಂಗುರ ಅಪ್ಪಚ್ಚಿಯಾಗುತ್ತದೆ. ನೀರು ಒತ್ತಿದಷ್ಟೂ ಅದು ತೋಡಿನ ಮೂಲೆಗೆ ಸರಿದು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸೋರಿಸಲು ಬಂದ ಒತ್ತಡವನ್ನೇ ಸೋರದಿರಲು ದುಡಿಸಿಕೊಳ್ಳುವ ಯುಕ್ತಿ. ಪಿಸ್ಟನ್ನಿನ ರಬ್ಬರೂ ಗಡಸಾಗಿತ್ತು. ಸಿಲಿಂಡರಿನ ಒಳಮೈಗೆ ಸುಣ್ಣದ ಪೊರೆ. ವಿನೆಗರಿನಲ್ಲಿ ನೆನೆಹಾಕಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಬಿಟ್ಟಿತು. ಸೀಳು ಎಲ್ಲೂ ಇರಲಿಲ್ಲ. ಚಳಿಗಾಲದಲ್ಲಿ ನೀರು ಒಳಗೇ ಉಳಿದು ಹೆಪ್ಪುಗಟ್ಟಿದರೆ ಸಿಲಿಂಡರೇ ಸೀಳುವುದುಂಟು, ಆಗ ಯಾವ ರಿಂಗೂ ಕಾಯುವುದಿಲ್ಲ.

ಅಂದು ಶನಿವಾರವಾಗಿದ್ದು ಪುಣ್ಯ. ಭಾನುವಾರ ಜರ್ಮನಿಯಲ್ಲಿ ಅಂಗಡಿ ತೆರೆಯುವುದಿಲ್ಲ, ಸುತ್ತಿಗೆಯ ಸದ್ದು ಕೇಳಿದರೆ ಪಕ್ಕದ ಮನೆಯವರು ಕಿಟಕಿ ತೆರೆಯುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಓ-ರಿಂಗುಗಳಿಗೇ ಒಂದು ಗೋಡೆ. ರಿಂಗಿಗೆ ಎರಡು ಅಳತೆ, ಒಳವ್ಯಾಸ ಮತ್ತು ದಪ್ಪ. ದಪ್ಪ ತುಸು ಹೆಚ್ಚಾದರೆ ಗುಂಡಿ ಅಲ್ಲಾಡದು, ತುಸು ಕಡಿಮೆಯಾದರೆ ಹಳೆಯ ಕತೆಯೇ. ಬಿರುಕು ಬಿಟ್ಟದ್ದರ ಅಳತೆ ನಂಬುವ ಹಾಗಿಲ್ಲ, ಅದು ಚಪ್ಪಟೆಯಾಗಿ ಸವೆದಿರುತ್ತದೆ; ಅದು ಕೂತಿದ್ದ ತೋಡನ್ನು ಅಳೆಯಬೇಕು. ಪಿಸ್ಟನ್ನಿನ ರಬ್ಬರು ಕೂಡ ಅದೇ ಗೋಡೆಯಲ್ಲಿ ಸಿಕ್ಕಿತು. ಜತೆಗೆ ಕುಡಿಯುವ ನೀರಿಗೆ ಒಪ್ಪುವ ಪಾರದರ್ಶಕ ಹೋಸು ಒಂದು ಮೀಟರ್. ಎಲ್ಲ ಸೇರಿ ಆದದ್ದು ಅಲ್ಲಿಯ ಒಂದು ಕಾಫಿ ಮತ್ತು ಕೇಕಿನ ದುಡ್ಡು.

ಜಾರಿಕೆಗೆ ಕೊಬ್ಬರಿ ಎಣ್ಣೆ ಸವರೋಣವೇ ಎಂದು ಕೇಳಿದೆ. ಮಗಳು ಅಡಿಗೆಮನೆಯಿಂದ ಬಾಟಲಿ ತಂದು ತಲೆಕೆಳಗು ಮಾಡಿ ತೋರಿಸಿದಳು, ಒಂದು ತೊಟ್ಟೂ ಜಾರಲಿಲ್ಲ. 25 ಡಿಗ್ರಿಗಿಂತ ಕೆಳಗೆ ಅದು ಗಟ್ಟಿ, ಆ ಊರಿನಲ್ಲಿ ವರ್ಷದ ಬಹುಪಾಲು ಗಟ್ಟಿ. ಎಣ್ಣೆಯ ಸಹವಾಸದಲ್ಲಿ ಕೆಲವು ರಬ್ಬರುಗಳು ಉಬ್ಬಿ ಹಾಳಾಗುತ್ತವೆ ಕೂಡ. ಸಿಲಿಕೋನ್ ಗ್ರೀಸನ್ನೇ ಬೆರಳತುದಿಯಷ್ಟು ತೆಗೆದು ಹಚ್ಚಿದ್ದಾಯಿತು. ಹೊಸ ಹೋಸಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಸಿಲಿಂಡರಿನ ಬುಡದ ಕೊಳವೆಗೆ ತೂರಿಸಿದೆ; ಆರಿದ ಮೇಲೆ ಅದೇ ಹಿಡಿದುಕೊಳ್ಳುತ್ತದೆ, ಕ್ಲಿಪ್ಪು ಬರೀ ಕಾವಲಿಗೆ. ಪಾರದರ್ಶಕ ಹೋಸಿನ ಲಾಭ ಆಗಲೇ ಗೊತ್ತಾಯಿತು. ಗುಂಡಿ ಎತ್ತಿದಾಗ ನೀರು ಏರುವುದು ಕಣ್ಣೆದುರೇ ಕಂಡಿತು, ಮೊದಲ ಸಲ ಗುಳ್ಳೆಗಳೊಂದಿಗೆ, ಆಮೇಲೆ ಗುಳ್ಳೆಯಿಲ್ಲದೆ. ವಿಭೂತಿ ಮತ್ತೆ ಬಳಿದು ನೋಡಿದರೆ ಬೆಳ್ಳಗೇ ಉಳಿಯಿತು.

ಹಲಗೆಯ ಸ್ಕ್ರೂಗಳನ್ನು ಮಾತ್ರ ಇದ್ದ ಹಾಗೆ ಹಾಕಲು ನಾನು ಒಪ್ಪಲಿಲ್ಲ. ಮೂಲರೂಪ ಕೆಟ್ಟರೆ ‘ಎಚ್’ ಹೋಗುತ್ತದೆ ಎಂದು ಅಳಿಯ ಹೆದರಿಸಿದ. ಹೊರಗಿನಿಂದ ಕಾಣದ ಹಾಗೆ, ಸಂದಿಯ ಸ್ಕ್ರೂವಿನ ಬದಲು ಒಳಗಡೆ ಎರಡು ಮ್ಯಾಗ್ನೆಟ್ ಕ್ಯಾಚ್ ಕೂರಿಸಿದೆವು. ಹಲಗೆ ಈಗ ಎರಡು ಬೆರಳಿಗೆ ಬರುತ್ತದೆ. ಅದರ ಬೆನ್ನಿಗೆ ಒಂದು ಲಕೋಟೆ ಅಂಟಿಸಿ, ಬಿಡಿ ಓ-ರಿಂಗು ಎರಡು ಹಾಕಿ, ಮೇಲೆ ಅಳತೆ ಬರೆದು, ಡಿಸೆಂಬರಿಗೆ ಮುಂಚೆ ಟ್ಯಾಂಕು ಬರಿದು ಮಾಡಿ ಗುಂಡಿಯನ್ನು ಗಾಳಿ ಬರುವ ತನಕ ಆಡಿಸಬೇಕು ಎಂಬ ಸೂಚನೆಯನ್ನೂ ಬರೆದೆ. ಎಲ್ಲ ಕನ್ನಡದಲ್ಲಿ. ಮುಂದೆ ಗಾಡಿ ಕೊಳ್ಳುವವರ ಗತಿಯೇನು ಎಂದು ಮಗಳು ಕೆಳಗೆ ಜರ್ಮನ್ನಿನಲ್ಲಿ ಬರೆಯತೊಡಗಿದಳು. ಅಳಿಯ ಅಷ್ಟರಲ್ಲಿ ಹಿಂದಿನ ಮುಚ್ಚಳ ತೆರೆದು, ಎಂಜಿನ್ನಿನ ಕೆಳಗಿನ ಎಣ್ಣೆಯ ಕಲೆಗೆ ವಿಭೂತಿ ಇನ್ನೂ ಉಳಿದಿದೆಯೇ ಎಂದು ಕೇಳುತ್ತಿದ್ದ.